ಅಕ್ಕಂದಿರ ಋಣವೂ ತಂಗಿಯರ ಹಕ್ಕೂ



ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯಾದವಳು ಏನು ಬರೆಯಬೇಕೆಂಬುದು ಬಹುಕಾಲದಿಂದ ರೂಢಿಯಾಗಿ ಬಂದಿದೆ. ಪರೀಕ್ಷೆಯಲ್ಲಿ ತೇರ್ಗಡೆಯಾದವರ ಸಂಖ್ಯೆ, ಆಟಪಾಟಗಳಲ್ಲಿ ಗೆದ್ದ ಬಹುಮಾನಗಳು, ದಾನಿಗಳಿಗೆ ವಂದನೆ, ಅಗಲಿದ ಗುರುಗಳ ಸ್ಮರಣೆ, ಇಷ್ಟನ್ನು ಬರೆದು ದೇವರ ಆಶೀರ್ವಾದವನ್ನು ಬೇಡಿ ಮುಗಿಸಿದರೆ ಎಲ್ಲರೂ ಸಂತೋಷಪಡುವರು. ಆ ವರದಿಯನ್ನು ಇದೇ ಸಂಚಿಕೆಯ ಬೇರೊಂದು ಭಾಗದಲ್ಲಿ ಕೊಟ್ಟಿದ್ದೇನೆ. ಇಲ್ಲಿಯಾದರೋ, ನಮ್ಮ ಹಳೆಯ ವಿದ್ಯಾರ್ಥಿನಿಯರ ಸಂಘದ ಮುಂದೆ ಈಗ ಇರುವ ಒಂದು ಪ್ರಶ್ನೆಯನ್ನು ಕುರಿತು ನನ್ನ ಅಭಿಪ್ರಾಯವನ್ನು ಮರೆಮಾಚದೆ ತಿಳಿಸಲು ನಿಮ್ಮ ಅಪ್ಪಣೆಯನ್ನು ಬೇಡುತ್ತೇನೆ. ಇದನ್ನು ಓದಿ ಕೆಲವರಿಗೆ ಅಸಮಾಧಾನವಾಗಬಹುದು. ಅವರೆಲ್ಲರೂ ನನಗೆ ಪ್ರಿಯರೇ ಆಗಿರುವುದರಿಂದ ಲೇಖನಿಯನ್ನು ಹಿಡಿಯುವ ಮುನ್ನ ಬಹಳ ದಿನ ಹಿಂದುಮುಂದು ನೋಡಿದೆನು.

ವಿಷಯವಿದು. ನಮ್ಮ ವಿದ್ಯಾರ್ಥಿನಿ ನಿಲಯದ ಹಂಚಿನ ಮಾಡು ಹಳೆಯದಾಗಿದೆ. ಮಲೆನಾಡಿನ ಅಂಚಿನಲ್ಲಿರುವ ಶಿವಮೊಗ್ಗದ ಮಳೆ ಎಂತಹುದೆಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಕಳೆದ ಮಳೆಗಾಲದಲ್ಲಿ ಮೂರು ಕೋಣೆಗಳ ಹುಡುಗಿಯರು ಹಾಸಿಗೆಗಳನ್ನು ಸುತ್ತಿಕೊಂಡು ಪ್ರಾರ್ಥನಾ ಮಂದಿರದಲ್ಲಿ ಮಲಗಬೇಕಾಯಿತು. ಈ ಸುದ್ದಿಯನ್ನು ಕೇಳಿ ನಮ್ಮ ಹಳೆಯ ವಿದ್ಯಾರ್ಥಿನಿಯರು, ವಿಶೇಷವಾಗಿ ಬೆಂಗಳೂರಿನಲ್ಲಿಯೂ ಹೊರದೇಶಗಳಲ್ಲಿಯೂ ನೆಲಸಿರುವವರು, ಬಹು ಉದಾರವಾಗಿ ಮುಂದೆ ಬಂದಿರುವರು. ನಿಲಯವನ್ನು ಹೊಸದಾಗಿ ಕಟ್ಟಿಸಿಕೊಡುವುದಲ್ಲದೆ ಒಂದು ದತ್ತಿನಿಧಿಯನ್ನು ಸ್ಥಾಪಿಸಿ, ಅದರ ಬಡ್ಡಿಯಿಂದ ಪ್ರತಿವರ್ಷ ಕೆಲವು ಹುಡುಗಿಯರ ಊಟ, ವಸತಿ, ಪುಸ್ತಕಗಳ ವೆಚ್ಚವನ್ನು ವಹಿಸಿಕೊಳ್ಳುವುದಾಗಿ ಹೇಳಿರುವರು. ಆದರೆ ಜೊತೆಗೆ ಒಂದು ಷರತ್ತಿನ ಸೂಚನೆಯೂ ಬಂದಿದೆ. ಹೊಸ ನಿಲಯದ ಸ್ಥಳಗಳೂ ದತ್ತಿಯ ಸಹಾಯವೂ ಮೊದಲು ಹಳೆಯ ವಿದ್ಯಾರ್ಥಿನಿಯರ ಮಕ್ಕಳು ಮೊಮ್ಮಕ್ಕಳಿಗೆ ದೊರೆಯಬೇಕು, ಉಳಿದದ್ದು ಮಾತ್ರ ಇತರರಿಗೆ ಸಲ್ಲಬೇಕು ಎಂಬುದೇ ಆ ಷರತ್ತು.

ಈ ಸೂಚನೆಯಲ್ಲಿ ದುರುದ್ದೇಶವೇನೂ ಇಲ್ಲ. ತಾನು ಕುಳಿತ ಬೆಂಚಿನ ಮೇಲೆ ತನ್ನ ಮಗಳೂ ಕುಳಿತುಕೊಳ್ಳಬೇಕು, ತಾನು ನೀರು ಸೇದಿದ ಬಾವಿಯ ಕಟ್ಟೆಯನ್ನು ಅವಳಿಗೂ ತೋರಿಸಬೇಕು ಎಂದು ಯಾವ ತಾಯಿಗೆ ಅನಿಸುವುದಿಲ್ಲ? ಮೂರು ತಲೆಮಾರುಗಳು ಒಂದೇ ಶಾಲೆಯಲ್ಲಿ ಓದಿದ ಮನೆಗಳು ನಮ್ಮಲ್ಲಿ ಇರುವುವು. ಅವು ಶಾಲೆಗೆ ಭೂಷಣವೇ ಸರಿ. ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ನಾನೂ ಈ ಶಾಲೆಯ ಹಳೆಯ ವಿದ್ಯಾರ್ಥಿನಿ. ನನ್ನ ಮಗಳು ಈಗ ಇಲ್ಲಿಯೇ 8ನೆಯ ತರಗತಿಯಲ್ಲಿರುವಳು. ಷರತ್ತು ಅಂಗೀಕೃತವಾದರೆ ಮೊದಲ ಪ್ರಯೋಜನ ನನ್ನ ಮನೆಗೇ ಆಗುವುದು. ಹಾಗಿದ್ದರೂ ನಾನು ಅದನ್ನು ಒಪ್ಪಲಾರೆ. ಏಕೆಂಬುದಕ್ಕೆ ಕಾರಣಗಳನ್ನು ಒಂದೊಂದಾಗಿ ಹೇಳುತ್ತೇನೆ.

ಹಳೆಯ ವಿದ್ಯಾರ್ಥಿನಿಗೂ ಹೊಸ ವಿದ್ಯಾರ್ಥಿನಿಗೂ ಇರುವ ಸಂಬಂಧಕ್ಕೆ ನಮ್ಮ ಭಾಷೆಯಲ್ಲಿ ಬೇರೆ ಪಾರಿಭಾಷಿಕ ಪದವನ್ನು ಹುಡುಕಬೇಕಾಗಿಲ್ಲ. ‘ಅಕ್ಕ’ ಎಂಬ ಎರಡಕ್ಷರದಲ್ಲಿ ಅದೆಲ್ಲವೂ ಅಡಗಿದೆ. ಈ ಮಾತಿಗೆ ನಮ್ಮ ಜಿಲ್ಲೆಯಲ್ಲಿ ಒಂದು ವಿಶೇಷವಾದ ಗೌರವವುಂಟು. ಶಿಕಾರಿಪುರ ತಾಲ್ಲೂಕಿನ ಉಡುತಡಿಯಲ್ಲಿ ಹುಟ್ಟಿದ ಮಹಾದೇವಿ 12ನೆಯ ಶತಮಾನದಲ್ಲಿ ಮನೆಯನ್ನೂ ಐಶ್ವರ್ಯವನ್ನೂ ಬಿಟ್ಟು ಕಲ್ಯಾಣಕ್ಕೆ ನಡೆದಳು. ಅಲ್ಲಿ ವಯಸ್ಸಿನಲ್ಲಿ ಅವಳಿಗಿಂತ ಎಷ್ಟೋ ಹಿರಿಯರಾದ ಶರಣರೇ ಅವಳನ್ನು ಅಕ್ಕ ಎಂದು ಕರೆದರೆಂದು ಪರಂಪರೆ ಹೇಳುವುದು. ಅವರಲ್ಲಿ ಯಾರೂ ಅವಳ ಒಡಹುಟ್ಟಿದವರಲ್ಲ. ಅವಳು ನಡೆದ ದಾರಿಯ ಕಷ್ಟವನ್ನು ಕಂಡು ಕೊಟ್ಟ ಹೆಸರದು. ಹೀಗೆ ಕನ್ನಡ ನಾಡಿನಲ್ಲಿ ಅಕ್ಕನೆಂಬುದು ರಕ್ತದಿಂದ ಮಾತ್ರ ಬರತಕ್ಕ ಸ್ಥಾನವಲ್ಲ. ಮುಂದೆ ನಡೆದವಳು ಹಿಂದೆ ಬರುವವಳಿಗಾಗಿ ನಿಲ್ಲುವುದರಿಂದ ಬರತಕ್ಕ ಪದವಿ. ನಮ್ಮ ವೇದಪುಸ್ತಕದ ರೂತಳ ಕಥೆಯನ್ನು ನಿಲಯದ ಹುಡುಗಿಯರೆಲ್ಲರೂ ಬಲ್ಲರು. ಆಕೆ ಪರದೇಶದವಳು, ಅತ್ತೆಯಾದ ನೊವೊಮಿಯೊಂದಿಗೆ ಅವಳಿಗೆ ರಕ್ತಸಂಬಂಧವಿರಲಿಲ್ಲ. ಆದರೂ ಬಾಂಧವ್ಯಕ್ಕೆ ಉದಾಹರಣೆ ಬೇಕಾದಾಗ ನಾವು ನೆನೆಯುವುದು ಅವರಿಬ್ಬರನ್ನೇ.

ಎರಡನೆಯದಾಗಿ, ನಮ್ಮ ಶಾಲೆಗೆ ಹುಡುಗಿಯರು ಎಲ್ಲಿಂದ ಬಂದರೆಂಬುದನ್ನು ಸ್ವಲ್ಪ ಯೋಚಿಸಿ ನೋಡೋಣ. ಇಲ್ಲಿಂದ ಸುಮಾರು 20 ಕಿಲೋಮೀಟರು ದೂರದ ಭದ್ರಾವತಿ ಹಿಂದೆ ಬೆಂಕಿಪುರವೆಂಬ ಸಣ್ಣ ಊರಾಗಿತ್ತು. ಮೈಸೂರು ಸಂಸ್ಥಾನದವರು 1918ರಲ್ಲಿ ಅಲ್ಲಿ ಕಬ್ಬಿಣದ ಕಾರ್ಖಾನೆಗೆ ಕೈಹಾಕಿದರು. 1923ರಲ್ಲಿ ಕುಲುಮೆ ಉರಿಯತೊಡಗಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಸೌದೆಯ ಇದ್ದಿಲು, ಸರ್ ಎಂ. ವಿಶ್ವೇಶ್ವರಯ್ಯನವರ ಶ್ರದ್ಧೆ ಇವು ಸೇರಿ ಆ ಊರನ್ನು ಬೆಳೆಸಿದುವು. 1936ರಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪಿತವಾಯಿತು. ಕೆಲಸವನ್ನು ಹುಡುಕಿಕೊಂಡು ಕನ್ನಡದವರಲ್ಲದೆ ತಮಿಳು, ತೆಲುಗು, ಮಲಯಾಳ, ಉರ್ದು ಮಾತನಾಡುವ ಸಂಸಾರಗಳೂ ಬಂದು ನೆಲಸಿದುವು. ಆ ಸಂಸಾರಗಳ ಹೆಣ್ಣುಮಕ್ಕಳು ಬಸ್ಸಿನಲ್ಲಿಯೂ ಬೀರೂರು ಕಡೆಯ ರೈಲಿನಲ್ಲಿಯೂ ಶಿವಮೊಗ್ಗಕ್ಕೆ ಬಂದು ಓದಿದರು. ದೂರದ ಹಳ್ಳಿಗಳವರು ನಿಲಯದಲ್ಲಿ ಉಳಿದರು. ಅವರ ತಾಯಂದಿರಲ್ಲಿ ಅಕ್ಷರ ಬಲ್ಲವರು ವಿರಳ. ಅಂದಿನ ಉಪಾಧ್ಯಾಯಿನಿಯರು ಅರ್ಜಿಯ ಕಾಗದದ ಮೇಲೆ “ನಿನ್ನ ತಾಯಿ ಈ ಶಾಲೆಯಲ್ಲಿ ಓದಿದ್ದಳೆ?” ಎಂದು ಕೇಳಿದ್ದರೆ ನಮ್ಮಲ್ಲಿ ಎಷ್ಟು ಮಂದಿ ಒಳಗೆ ಬರುತ್ತಿದ್ದೆವು? ಈ ಶಾಲೆಯ ಮೊಟ್ಟಮೊದಲ ವಿದ್ಯಾರ್ಥಿನಿಯ ತಾಯಿ ಯಾವ ಶಾಲೆಯ ಹಳೆಯ ವಿದ್ಯಾರ್ಥಿನಿಯಾಗಿದ್ದಳು? ಷರತ್ತಿಗೆ ಸಹಿ ಹಾಕುವ ಮುನ್ನ ಪ್ರತಿಯೊಬ್ಬ ಸೋದರಿಯೂ ಈ ಪ್ರಶ್ನೆಯನ್ನು ತನ್ನನ್ನು ತಾನೇ ಕೇಳಿಕೊಳ್ಳಲಿ.

ನನ್ನ ಉತ್ತರವನ್ನು ನಾನು ಹೇಳುತ್ತೇನೆ. ನನ್ನ ತಂದೆ ಭದ್ರಾವತಿಯಲ್ಲಿ ದಿನಗೂಲಿಯವರಾಗಿದ್ದರು. ತಾಯಿ ಹೆಬ್ಬೆಟ್ಟು ಒತ್ತುತ್ತಿದ್ದರು. ನಾನು 9ನೆಯ ತರಗತಿಯಲ್ಲಿದ್ದಾಗ ತಂದೆ ಕಾಯಿಲೆ ಬಿದ್ದರು. ಮನೆಯಲ್ಲಿ ನನ್ನನ್ನು ಶಾಲೆ ಬಿಡಿಸಿ, ತಮ್ಮಂದಿರನ್ನು ನೋಡಿಕೊಳ್ಳಲು ನಿಲ್ಲಿಸಬೇಕೆಂದು ತೀರ್ಮಾನವಾಯಿತು. ಹತ್ತು ದಿನ ನಾನು ಶಾಲೆಗೆ ಬರಲಿಲ್ಲ. ಹನ್ನೊಂದನೆಯ ದಿನ, ಭಾನುವಾರ, ಒಬ್ಬ ನರ್ಸಮ್ಮನವರು ನಮ್ಮ ಮನೆಯನ್ನು ಹುಡುಕಿಕೊಂಡು ಬಂದರು. ಅವರು ಈ ಶಾಲೆಯಲ್ಲಿ ಓದಿ ಅನೇಕ ವರ್ಷಗಳಾಗಿದ್ದುವು. ನನ್ನನ್ನು ಅವರು ಅದಕ್ಕೆ ಮುಂಚೆ ಕಂಡವರೂ ಅಲ್ಲ. ನಮ್ಮ ತರಗತಿಯ ಟೀಚರು ಅವರಿಗೆ ನನ್ನ ಹೆಸರನ್ನೂ ಬೀದಿಯನ್ನೂ ಹೇಳಿದ್ದರಂತೆ. ನಮ್ಮ ಜಾತಿಯೂ ಅವರದೂ ಬೇರೆ, ಮನೆಮಾತೂ ಬೇರೆ. ಅವರು ಚಾಪೆಯ ಮೇಲೆ ಕುಳಿತು ನನ್ನ ತಂದೆಯ ಔಷಧದ ಚೀಟಿಯನ್ನು ನೋಡಿದರು, ಯಾವ ಮಾತ್ರೆಯನ್ನು ಯಾವಾಗ ಕೊಡಬೇಕೆಂದು ತಾಯಿಗೆ ವಿವರಿಸಿದರು. ಓದಿನ ಮಾತನ್ನು ಆ ದಿನ ಎತ್ತಲೇ ಇಲ್ಲ. ಮುಂದಿನ ಭಾನುವಾರ ಮತ್ತೆ ಬಂದರು. ಮೂರನೆಯ ಭಾನುವಾರ ನನ್ನ ತಾಯಿಯೇ ಕೇಳಿದರು:

“ಓದಿ ಇವಳು ಏನಾಗ್ತಾಳಮ್ಮ?”

ನರ್ಸಮ್ಮನವರು ಹೇಳಿದರು: “ಏನಾಗ್ತಾಳೋ ನನಗೂ ಗೊತ್ತಿಲ್ಲ ಕಣಮ್ಮ. ಓದದೇ ಹೋದ್ರೆ ಏನಾಗ್ತಾಳೆ ಅಂತ ನಮ್ಮಿಬ್ಬರಿಗೂ ಗೊತ್ತು.”

ತಾಯಿ ಬಹಳ ಹೊತ್ತು ಸುಮ್ಮನಿದ್ದರು. ಸೋಮವಾರ ಬೆಳಗ್ಗೆ ನನಗೆ ಜಡೆ ಹಾಕಿ ಶಾಲೆಗೆ ಕಳುಹಿಸಿದರು.

ಆ ಅಕ್ಕನವರು ಆ ಮೇಲೆ ನನಗೆ ಒಂದು ಇಂಗ್ಲಿಷ್ ಕನ್ನಡ ನಿಘಂಟನ್ನು ಕೊಟ್ಟರು. ಅದರ ಮೊದಲ ಪುಟದಲ್ಲಿ ಒಂದರ ಕೆಳಗೊಂದು ಐದು ಹೆಸರುಗಳಿದ್ದುವು. ಅವರ ಹೆಸರು ಐದನೆಯದು. ಹೆಸರುಗಳನ್ನು ನೋಡಿದರೆ ಒಬ್ಬಾಕೆ ಮುಸಲ್ಮಾನರ ಮನೆಯವಳು, ಇಬ್ಬರು ಕ್ರೈಸ್ತರು, ಇನ್ನಿಬ್ಬರು ಹಿಂದೂಗಳೆಂದು ತಿಳಿಯುತ್ತಿತ್ತು. ಐವರಲ್ಲಿ ಯಾರೂ ಯಾರ ಮಗಳೂ ಅಲ್ಲ, ಸೊಸೆಯೂ ಅಲ್ಲ. ಆರನೆಯದಾಗಿ ನನ್ನ ಹೆಸರನ್ನು ಬರೆದುಕೊಂಡೆ. ಉಪಾಧ್ಯಾಯಿನಿಯರ ತರಬೇತಿಯನ್ನು ಮುಗಿಸಿ ಕೆಲಸಕ್ಕೆ ಸೇರಿದ ವರ್ಷ ಅದನ್ನು ಏಳನೆಯವಳಿಗೆ ಕೊಟ್ಟೆನು. ಆ ಪುಸ್ತಕ ಈಗ ಯಾರ ಕೈಯಲ್ಲಿದೆಯೋ ತಿಳಿಯದು. ಆದರೆ ಐದನೆಯವರು ಅದನ್ನು ತಮ್ಮ ಮಗಳಿಗಾಗಿ ತೆಗೆದಿರಿಸಿದ್ದರೆ ನಾನು ಇಂದು ಈ ಕುರ್ಚಿಯಲ್ಲಿ ಕುಳಿತು ಈ ಮಾತನ್ನು ಬರೆಯುತ್ತಿರಲಿಲ್ಲವೆಂಬುದನ್ನು ಮಾತ್ರ ಚೆನ್ನಾಗಿ ಬಲ್ಲೆ.

ಮೂರನೆಯದಾಗಿ, ಷರತ್ತನ್ನು ಸೂಚಿಸಿರುವ ಸೋದರಿಯರಲ್ಲಿ ಒಬ್ಬರು ಅಮೆರಿಕ ದೇಶದಿಂದ ಬರೆಯುತ್ತ, ಅಲ್ಲಿನ ಕಾಲೇಜುಗಳ ಸ್ತ್ರೀ ಸಂಘಗಳನ್ನು ಮಾದರಿಯಾಗಿ ತೋರಿಸಿರುವರು. ಅವುಗಳಿಗೆ ‘ಸೊರೋರಿಟಿ’ ಎಂದು ಹೆಸರು. ಸಹೋದರಿ ಎಂಬರ್ಥದ ಲ್ಯಾಟಿನ್ ಮಾತಿನಿಂದ ಬಂದದ್ದು. ಒಮ್ಮೆ ಸೇರಿದವಳು ಬಾಳಿನುದ್ದಕ್ಕೂ ಸದಸ್ಯೆಯೆನಿಸುವಳು. ಹಳಬರು ಹೊಸಬರಿಗೆ ವಸತಿ, ಉದ್ಯೋಗ, ಸಲಹೆಗಳಲ್ಲಿ ನೆರವಾಗುವರು. ಸದಸ್ಯೆಯ ಮಗಳಿಗೆ ಸೇರ್ಪಡೆಯಲ್ಲಿ ಮನ್ನಣೆ ಕೊಡುವ ಪದ್ಧತಿಯೂ ಬಹುಕಾಲ ನಡೆದು ಬಂದಿತು. ಉದಾಹರಣೆ ಯೋಗ್ಯವಾದುದೇ. ಆದುದರಿಂದಲೇ ಅದನ್ನು ಅರ್ಧದಲ್ಲಿ ಬಿಡದೆ ಕೊನೆಯವರೆಗೂ ನೋಡಬೇಕು.

ಇಂತಹ ಸಂಘಗಳಲ್ಲಿ ಬಹು ಹಳೆಯದೊಂದು 1851ರಲ್ಲಿ ಜಾರ್ಜಿಯಾ ಪ್ರಾಂತ್ಯದ ಮೇಕನ್ ಎಂಬ ಊರಿನ ವೆಸ್ಲಿಯನ್ ಕಾಲೇಜಿನಲ್ಲಿ ಹುಟ್ಟಿತು. ಹೆಣ್ಣುಮಕ್ಕಳಿಗೆ ಪದವಿಯನ್ನು ಕೊಡಲೆಂದೇ 1836ರಲ್ಲಿ ಸನ್ನದು ಪಡೆದ ಕಾಲೇಜದು. ನಮ್ಮ ಹಳೆಯ ಮೈಸೂರು ಸೀಮೆಯಲ್ಲಿ ಶಾಲೆಗಳನ್ನು ತೆರೆದ ವೆಸ್ಲಿಯನ್ ಮಿಷನ್ನಿಗೂ ಆ ಕಾಲೇಜಿಗೂ ಹೆಸರು ಬಂದದ್ದು ಒಬ್ಬನೇ ಜಾನ್ ವೆಸ್ಲಿಯಿಂದ. ಆದುದರಿಂದ ಅದನ್ನು ದೂರದ ನೆಂಟನೆಂದರೂ ತಪ್ಪಿಲ್ಲ. ಅಲ್ಲಿನ ತರುಣಿಯರು ತಮ್ಮ ಸಂಘಕ್ಕೆ ಅಡೆಲ್ಫಿಯನ್ ಸೊಸೈಟಿ ಎಂದು ಹೆಸರಿಟ್ಟುಕೊಂಡು, ಓದಿನಲ್ಲಿಯೂ ನಡತೆಯಲ್ಲಿಯೂ ಒಬ್ಬರನ್ನೊಬ್ಬರು ಎತ್ತಿಹಿಡಿಯುವೆವೆಂದು ನಿಶ್ಚಯಿಸಿದರು. ಉದ್ದೇಶ ನಿರ್ಮಲವಾದುದು. ಆದರೆ ಅದೇ ಜಾರ್ಜಿಯಾದಲ್ಲಿ ಗುಲಾಮರಿಗೆ ಓದು ಕಲಿಸುವುದನ್ನು 1829ರ ಕಾನೂನು ನಿಷೇಧಿಸಿತ್ತು. ಕಾಲೇಜಿನ ಒಳಗೆ ಸೋದರಿಯರೆಂದು ಒಬ್ಬರ ಕೈಯನ್ನೊಬ್ಬರು ಹಿಡಿದುಕೊಂಡವರ ಬಟ್ಟೆ ಒಗೆದು ಅಡಿಗೆ ಮಾಡುವ ಹುಡುಗಿಗೆ ಅಕ್ಷರ ಕಲಿಸಿದರೆ ಅಪರಾಧ! ಅವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ತಮ್ಮ ವೃತ್ತವನ್ನು ಪ್ರೀತಿಯಿಂದ ಎಳೆದುಕೊಂಡವರಿಗೆ ಅದರ ಹೊರಗೆ ನಿಂತವಳು ಕಾಣಿಸಲೇ ಇಲ್ಲ, ಅಷ್ಟೆ. ನಮ್ಮ ದೇಶವೂ ಇದಕ್ಕೆ ಹೊರತಲ್ಲ. 1881ರಲ್ಲಿ ಮೈಸೂರಿನಲ್ಲಿ ಮಹಾರಾಣಿಯವರ ಬಾಲಿಕಾ ಪಾಠಶಾಲೆ ತೆರೆದಾಗ ಅದರ ಬಾಗಿಲು ಮೊದಲು ತೆರೆದದ್ದು ಮೇಲಿನ ಜಾತಿಗಳ ಮನೆಗಳಿಗೆ.

ಹೊರಗೆ ನಿಂತವರು ಏನು ಮಾಡಿದರೆಂಬುದು ಇನ್ನೂ ಸ್ವಾರಸ್ಯವಾದುದು. 1908ರ ಜನವರಿ 15ರಂದು ವಾಷಿಂಗ್‌ಟನ್ನಿನ ಹಾವರ್ಡ್ ವಿಶ್ವವಿದ್ಯಾಲಯದಲ್ಲಿ ಕಪ್ಪು ಜನಾಂಗದ ವಿದ್ಯಾರ್ಥಿನಿಯರು ಆಲ್ಫಾ ಕಪ್ಪಾ ಆಲ್ಫಾ ಎಂಬ ತಮ್ಮದೇ ಸಂಘವನ್ನು ಸ್ಥಾಪಿಸಿಕೊಂಡರು. ಅವರಲ್ಲಿ ಪದವಿ ಪಡೆದು ಹೋದ ಹಿರಿಯರು ಸಂಘದ ಕೆಲಸವನ್ನು ಬಿಡುವುದಿಲ್ಲ. ಕೆಲಸದ ಮುಖ್ಯ ಭಾರ ಅವರ ಮೇಲೆಯೇ ಇರುವುದು. 1935ರಿಂದ 1942ರವರೆಗೆ ಈ ಸಂಘದ ವೈದ್ಯೆಯರು, ದಾದಿಯರು, ಉಪಾಧ್ಯಾಯಿನಿಯರು ಡಾಕ್ಟರ್ ಡೊರೊತಿ ಫೆರೆಬೀ ಎಂಬಾಕೆಯ ನೇತೃತ್ವದಲ್ಲಿ ಬೇಸಗೆಯ ರಜೆಗಳಲ್ಲಿ ಮಿಸ್ಸಿಸ್ಸಿಪ್ಪಿ ಪ್ರಾಂತ್ಯದ ಹತ್ತಿಯ ಹೊಲಗಳ ನಡುವೆ ಹೋಗಿ ಬಡ ಒಕ್ಕಲು ಮಕ್ಕಳಿಗೆ ಚುಚ್ಚುಮದ್ದು ಹಾಕಿದರು, ಹಲ್ಲು ನೋಡಿದರು, ತಾಯಂದಿರಿಗೆ ಆರೋಗ್ಯದ ನಿಯಮಗಳನ್ನು ತಿಳಿಸಿದರು. ಜಮೀನುದಾರರು ತಮ್ಮ ಒಕ್ಕಲುಗಳನ್ನು ಚಿಕಿತ್ಸಾಲಯಕ್ಕೆ ಹೋಗಗೊಡದಿದ್ದಾಗ ಇವರು ಔಷಧಗಳನ್ನು ಮೋಟಾರು ಕಾರುಗಳಲ್ಲಿ ಹೇರಿಕೊಂಡು ತಾವೇ ಹೊಲಗಳಿಗೆ ಹೋದರು. ಆ ಮಕ್ಕಳಲ್ಲಿ ಯಾರೂ ಸಂಘದ ಸದಸ್ಯೆಯ ಮಗಳೆಂದು ಬಂದವರಲ್ಲ. ಸೋದರಿಯರ ಸಂಘವೊಂದು ತನ್ನ ಸ್ನೇಹವನ್ನು ಹೊರಗೆ ತಿರುಗಿಸಿದಾಗ ಏನಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾನು ಅರಿಯೆ.

ಮಗಳೆಂಬ ಕಾರಣಕ್ಕೆ ಕೊಡುತ್ತಿದ್ದ ಮನ್ನಣೆಯ ಗತಿಯನ್ನೂ ಹೇಳಬೇಕು. 2020ರಿಂದೀಚೆಗೆ ಅಮೆರಿಕದ ಇಂತಹ ಸಂಘಗಳಲ್ಲಿ ಕೆಲವು ತಾವಾಗಿಯೇ ಆ ಪದ್ಧತಿಯನ್ನು ತೆಗೆದುಹಾಕಿದುವು. ತಾಯಿಗೆ ಬಾಗಿಲು ಮುಚ್ಚಿದ್ದ ಮನೆಗಳ ಹುಡುಗಿಯರಿಗೆ ಅದರಿಂದ ಮತ್ತೊಮ್ಮೆ ಬಾಗಿಲು ಮುಚ್ಚಿದಂತಾಗುವುದೆಂಬುದು ಆಕ್ಷೇಪಣೆಗಳಲ್ಲಿ ಮುಖ್ಯವಾಗಿತ್ತು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಕೊಡುತ್ತಿದ್ದ ಆದ್ಯತೆಯನ್ನು 2014ರಲ್ಲಿಯೇ ನಿಲ್ಲಿಸಿದರು. ಅವರು ಅನುಭವದಿಂದ ಕಲಿತು ಕೈಬಿಡುತ್ತಿರುವುದನ್ನು ನಾವು ಮೋಹದಿಂದ ಕೈಗೆತ್ತಿಕೊಳ್ಳುವುದು ವಿವೇಕವೆ?

ಈಗ ನನ್ನ ಮಾತಿಗೆ ಬರಬಹುದಾದ ಆಕ್ಷೇಪಣೆಗಳನ್ನು ನೋಡೋಣ. ಷರತ್ತಿಲ್ಲದಿದ್ದರೆ ದಾನ ಕಡಿಮೆಯಾಗುವುದೆಂದು ಕೆಲವರು ಹೇಳಬಹುದು. ಆಗಬಹುದು. ಆ ಭಯ ನನಗೂ ಇದೆ. ಸೋರುವ ಮಾಡಿನ ಕೆಳಗೆ ಬಟ್ಟಲಿಡುವವಳು ನಾನೇ. ಆದರೂ ಎರಡು ಅಂತಸ್ತಿನ ಷರತ್ತಿನ ಕಟ್ಟಡಕ್ಕಿಂತ ಒಂದೇ ಅಂತಸ್ತಿನ ತೆರೆದ ಬಾಗಿಲಿನ ಕಟ್ಟಡ ನಮಗೆ ಸಾಕು. ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಬಡವರಿಲ್ಲವೆ, ಅವರ ಮಕ್ಕಳಿಗೆ ಸಹಾಯ ಬೇಡವೆ ಎಂದು ಇನ್ನು ಕೆಲವರು ಕೇಳಬಹುದು. ಅವಶ್ಯವಾಗಿ ಬೇಕು. ಆದರೆ ಅವಳಿಗೆ ಸಹಾಯ ಸಲ್ಲುವುದು ಅವಳ ಕಷ್ಟಕ್ಕಾಗಿ. ಅವಳ ಪಕ್ಕದ ಮನೆಯ ಹುಡುಗಿಗೂ ಅದೇ ಕಾರಣಕ್ಕಾಗಿ ಸಲ್ಲಲಿ. ತಾಯಿ ಓದಿದ ಶಾಲೆಯಲ್ಲಿ ಮಗಳೂ ಓದುವ ಸಂಬಂಧ ಕಡಿದುಹೋಗುವುದೆಂಬುದು ಮೂರನೆಯ ಆಕ್ಷೇಪಣೆ. ನಮ್ಮ ತರಗತಿಗಳ ಬಾಗಿಲು ನಿಮ್ಮ ಮಕ್ಕಳಿಗೆ ಯಾವಾಗಲೂ ತೆರೆದಿದೆ. ಅವರು ಬರಲಿ, ಎಲ್ಲರ ಜೊತೆಯಲ್ಲಿ ಸಾಲಿನಲ್ಲಿ ನಿಲ್ಲಲಿ. ನನ್ನ ಮಗಳೂ ಹಾಗೆಯೇ ನಿಂತಿದ್ದಳು. ತಾಯಿಯ ಹೆಸರಿನಿಂದ ಸಾಲನ್ನು ದಾಟಿದ ಹುಡುಗಿ ತನ್ನ ಪಕ್ಕದವಳಿಗೆ ಮುಂದೆ ಎಂದಿಗೂ ನಿಜವಾದ ಗೆಳತಿಯಾಗಲಾರಳು. ಅದು ಪಕ್ಕದವಳಿಗಿಂತ ಅವಳಿಗೇ ಹೆಚ್ಚಿನ ನಷ್ಟ.

ಬರಿಯ ನಿರಾಕರಣೆಯಿಂದ ಕೆಲಸವಾಗದು. ಬದಲಿಗೆ ಏನು ಮಾಡಬೇಕೆಂಬುದನ್ನೂ ಅರಿಕೆ ಮಾಡಿಕೊಳ್ಳುತ್ತೇನೆ.

ನಮ್ಮ ಹುಡುಗಿಯರ ಬಾಳಿನಲ್ಲಿ ಅತ್ಯಂತ ಅಪಾಯದ ಕಾಲವೆಂದರೆ 14ರಿಂದ 18 ವರ್ಷಗಳ ನಡುವಿನದು. 2009ರ ಶಿಕ್ಷಣ ಹಕ್ಕಿನ ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದು, 6ರಿಂದ 14 ವರ್ಷದ ಮಕ್ಕಳಿಗೆ ಉಚಿತವೂ ಕಡ್ಡಾಯವೂ ಆದ ಶಿಕ್ಷಣವನ್ನು ವಿಧಿಸಿತು. 2006ರ ಬಾಲ್ಯವಿವಾಹ ನಿಷೇಧ ಕಾಯಿದೆ 18 ತುಂಬುವ ಮುನ್ನ ಹುಡುಗಿಯ ಮದುವೆ ಕೂಡದೆಂದಿತು. ಒಂದು ಕಾನೂನಿನ ಕೈ 14ಕ್ಕೆ ಬಿಡುವುದು. ಇನ್ನೊಂದು 18ರವರೆಗೆ ಮದುವೆಯನ್ನು ಬೇಡವೆನ್ನುವುದು. ನಡುವಣ ನಾಲ್ಕು ವರ್ಷ ಹುಡುಗಿ ಎಲ್ಲಿರಬೇಕೆಂಬುದನ್ನು ಮನೆಯ ಬಡತನ ನಿರ್ಧರಿಸುವುದು. ಭದ್ರಾವತಿಯ ಕಾಗದದ ಕಾರ್ಖಾನೆ ಕೆಲಸವನ್ನು ನಿಲ್ಲಿಸಿ ವರ್ಷಗಳಾದುವು. ಕಬ್ಬಿಣದ ಕಾರ್ಖಾನೆಯಲ್ಲಿಯೂ ಹಿಂದಿನಷ್ಟು ಕೆಲಸಗಾರರು ಇಂದು ಇಲ್ಲ. ತಂದೆಯ ಕೆಲಸ ಹೋದ ಮನೆಯಲ್ಲಿ ಮೊದಲು ನಿಲ್ಲುವುದು ಮಗಳ ಓದು. ಎಸ್.ಎಸ್.ಎಲ್.ಸಿ. ತೇರ್ಗಡೆಯಾದ ಸಂತೋಷದಲ್ಲಿ ನಮಗೆ ಪೇಡ ತಂದುಕೊಟ್ಟು ನಮಸ್ಕರಿಸಿ ಹೋದ ಹುಡುಗಿ ಮುಂದೆ ಕಾಲೇಜಿಗೆ ಸೇರಲೇ ಇಲ್ಲವೆಂದು ನಾವು ಎಷ್ಟೋ ತಿಂಗಳ ಮೇಲೆ ಕೇಳುವುದುಂಟು. ಅಷ್ಟು ಹೊತ್ತಿಗೆ ಅರ್ಜಿಯ ದಿನವೂ ಕಳೆದಿರುವುದು, ಮನೆಯವರ ಮನಸ್ಸೂ ಗಟ್ಟಿಯಾಗಿರುವುದು.

ಆದುದರಿಂದ ನನ್ನ ಸೂಚನೆ ಹೀಗಿದೆ. ಪ್ರತಿಯೊಬ್ಬ ಹಳೆಯ ವಿದ್ಯಾರ್ಥಿನಿಯೂ ತನಗೆ ಸಂಬಂಧವಿಲ್ಲದ ಒಬ್ಬ ಹುಡುಗಿಯನ್ನು 9ನೆಯ ತರಗತಿಯಿಂದ ಪಿ.ಯು.ಸಿ. ಮುಗಿಯುವವರೆಗೆ, ಎಂದರೆ ನಾಲ್ಕು ವರ್ಷ, ತಂಗಿಯೆಂದು ನೋಡಿಕೊಳ್ಳಲಿ. ಇದಕ್ಕಾಗಿ ಶಾಲೆಯಲ್ಲಿ ಒಂದು ಪುಸ್ತಕವನ್ನಿಡೋಣ. ಅಕ್ಕನ ಹೆಸರು, ತಂಗಿಯ ಹೆಸರು, ಮಾತಾಪಿತೃಗಳ ಒಪ್ಪಿಗೆಯ ಸಹಿ ಅದರಲ್ಲಿರಲಿ. ಮಾತಾಪಿತೃಗಳಿಗೆ ತಿಳಿಯದ ಭೇಟಿಯಾಗಲಿ ಫೋನಿನ ಮಾತಾಗಲಿ ಕೂಡದು. ತಿಂಗಳಿಗೊಮ್ಮೆ ಶನಿವಾರ ಮಧ್ಯಾಹ್ನ ಶಾಲೆಯಲ್ಲಿಯೇ, ಒಬ್ಬ ಉಪಾಧ್ಯಾಯಿನಿಯ ಎದುರಿನಲ್ಲಿ ಭೇಟಿ ನಡೆಯಲಿ. ದೂರದಲ್ಲಿರುವವರು ತಂಗಿಗೆ ಕಾಗದ ಬರೆಯಲಿ. ವಾಟ್ಸಾಪಿನಲ್ಲಿ ದಿನವೂ ಹೂವಿನ ಚಿತ್ರವನ್ನು ನೂರು ಮಂದಿಗೆ ಕಳುಹಿಸುವುದಕ್ಕಿಂತ ತಿಂಗಳಿಗೊಂದು ಕಾಗದವನ್ನು ಒಬ್ಬಳಿಗೆ ಬರೆಯುವುದು ಹೆಚ್ಚಿನದು.

ಹಣವನ್ನು ಅಕ್ಕನಾದವಳು ತಂಗಿಯ ಕೈಗೆ ಕೊಡಕೂಡದು. ಕೊಡುವುದನ್ನು ನಿಧಿಗೆ ಕೊಡಲಿ. ನಿಧಿಯಿಂದ ಅಗತ್ಯವನ್ನು ನೋಡಿ ಶಾಲೆ ಹಂಚಲಿ. ಕೈಯಿಂದ ಕೈಗೆ ಹಣ ಬಂದರೆ ತಂಗಿ ಸಾಲಗಾರಳಾಗುವಳು. ಅಕ್ಕನ ಮುಂದೆ ತಲೆಯೆತ್ತಿ ಮಾತನಾಡಲಾರಳು. ಅವಳಿಗೆ ಅಕ್ಕನಿಂದ ಬೇಕಾದದ್ದು ಬೇರೆ. ಪಿ.ಯು.ಸಿ.ಯಲ್ಲಿ ಯಾವ ವಿಷಯಗಳನ್ನು ತೆಗೆದುಕೊಳ್ಳಬೇಕು, ವಿದ್ಯಾರ್ಥಿವೇತನದ ಅರ್ಜಿಗೆ ಆದಾಯ ಪತ್ರವನ್ನು ಎಲ್ಲಿ ಪಡೆಯಬೇಕು, ಬ್ಯಾಂಕಿನಲ್ಲಿ ಖಾತೆ ತೆರೆಯುವುದು ಹೇಗೆ ಎಂಬುದನ್ನು ಬಲ್ಲವರು ಆ ಮನೆಯಲ್ಲಿ ಯಾರೂ ಇಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಗಂಡಿನ ಕಡೆಯವರು ಬಂದು ನೋಡಿ ಹೋದ ಸಂಜೆ ಅವಳ ಪರವಾಗಿ ತಾಯಿಯೊಡನೆ ಮೆಲ್ಲಗೆ ಮಾತನಾಡಬಲ್ಲ ಹೆಂಗಸೊಬ್ಬಳು ಬೇಕು. ಈ ಕೆಲಸವನ್ನು ಹೆಡ್‌ಮಿಸ್ಟ್ರೆಸ್ಸು ಮಾಡಲು ಹೋದರೆ ಮನೆಯವರು ಎದ್ದುನಿಂತು ಕುರ್ಚಿ ಹಾಕುವರು, ಎಲ್ಲದಕ್ಕೂ ಹೌದೆನ್ನುವರು, ಆಮೇಲೆ ತಮಗೆ ತೋರಿದ್ದನ್ನು ಮಾಡುವರು. ಚಾಪೆಯ ಮೇಲೆ ಕುಳಿತ ಅಕ್ಕನ ಮಾತು ಬೇರೆ.

“ನಾನು ಮನೆಯಲ್ಲಿ ಅಡಿಗೆ ಮಾಡಿಕೊಂಡಿರುವವಳು, ನನ್ನಿಂದೇನಾದೀತು?” ಎಂದು ಕೆಲವು ಹಳೆಯ ವಿದ್ಯಾರ್ಥಿನಿಯರು ಸಂಕೋಚಪಡುವುದನ್ನು ಕೇಳಿದ್ದೇನೆ. ವಾರ್ಷಿಕೋತ್ಸವದಲ್ಲಿ ನಾವು ಡಾಕ್ಟರನ್ನೂ ಅಧಿಕಾರಿಣಿಯನ್ನೂ ವೇದಿಕೆಯ ಮೇಲೆ ಕೂರಿಸಿ, ಅಂಗನವಾಡಿಯ ಕಾರ್ಯಕರ್ತೆಯನ್ನೂ ಗಾರ್ಮೆಂಟ್ಸಿನಲ್ಲಿ ಹೊಲಿಯುವವಳನ್ನೂ ಹಿಂದಿನ ಸಾಲಿನಲ್ಲಿ ಬಿಟ್ಟಿದ್ದೇವೆ. ಆ ಸಂಕೋಚವನ್ನು ಕಲಿಸಿದವರು ನಾವೇ. ಆ ತಪ್ಪು ನನ್ನದೂ ಹೌದು. ಅಕ್ಕನಾಗುವುದಕ್ಕೆ ಪದವಿ ಬೇಡ. ಹತ್ತು ವರ್ಷ ಮುಂದೆ ನಡೆದಿದ್ದರೆ ಸಾಕು.

ಮಾತಾಪಿತೃಗಳಲ್ಲಿ ಒಂದು ಮಾತು. ಪರರ ಮನೆಯ ಹೆಂಗಸು ನಮ್ಮ ಮಗಳಿಗೆ ಬುದ್ಧಿ ಹೇಳುವುದೇಕೆ ಎಂದು ನಿಮಗೆ ಅನಿಸಬಹುದು. ನಿಮ್ಮ ಅಧಿಕಾರವನ್ನು ಯಾರೂ ಕಸಿದುಕೊಳ್ಳುವುದಿಲ್ಲ. ಮಗಳಿಗೆ ಇನ್ನೊಬ್ಬ ಹಿತಚಿಂತಕಿ ದೊರೆತರೆ ನಿಮ್ಮ ಭಾರ ಹಗುರವಾಗುವುದು. ನನ್ನ ತಾಯಿಗೆ ಹಾಗೆಯೇ ಆಯಿತು. ಇನ್ನು ನಮ್ಮ ಈಗಿನ ವಿದ್ಯಾರ್ಥಿನಿಯರಿಗೂ ಒಂದು ಮಾತುಂಟು. ಅಕ್ಕನಿಂದ ಪಡೆದದ್ದನ್ನು ಅಕ್ಕನಿಗೆ ಹಿಂದಿರುಗಿಸಬೇಕಾಗಿಲ್ಲ. ಹಿಂದಿರುಗಿಸಲು ಸಾಧ್ಯವೂ ಇಲ್ಲ. ಅದು ನಿಮ್ಮ ಹಿಂದೆ ಬರುವವಳಿಗೆ ಸಲ್ಲಬೇಕಾದ ಋಣ. ಸಹಾಯ ಪಡೆಯುವುದು ತಂಗಿಯರ ಹಕ್ಕೆಂದು ಮೇಲೆ ತಲೆಬರಹದಲ್ಲಿ ಬರೆದೆನು; ಅದೇ ತಂಗಿ ಅಕ್ಕನಾದ ದಿನ ಆ ಹಕ್ಕೇ ಅವಳ ಹೆಗಲಿಗೆ ಕರ್ತವ್ಯವಾಗಿ ಬರುವುದು.

ತುಂಗೆಯೂ ಭದ್ರೆಯೂ ಗಂಗಾಮೂಲದ ಬೆಟ್ಟದಲ್ಲಿ ಹುಟ್ಟಿ, ಬೇರೆ ಬೇರೆ ದಾರಿಯನ್ನು ಹಿಡಿದು, ಒಂದು ಶಿವಮೊಗ್ಗವನ್ನೂ ಇನ್ನೊಂದು ಭದ್ರಾವತಿಯನ್ನೂ ಹಾದು, ಕೂಡಲಿಯಲ್ಲಿ ಸೇರುವುದನ್ನು ನೀವೆಲ್ಲರೂ ನೋಡಿರುವಿರಿ. ಹುಟ್ಟಿದ ಕಡೆ ಅವು ಸಣ್ಣ ಝರಿಗಳು. ದಾರಿಯಲ್ಲಿ ಬಂದ ಹೆಸರಿಲ್ಲದ ಹಳ್ಳಗಳನ್ನೆಲ್ಲ ಸೇರಿಸಿಕೊಂಡದ್ದರಿಂದಲೇ ನದಿಗಳಾದುವು. ನಮ್ಮ ಸಂಘವೂ ಹಾಗೆಯೇ ಬೆಳೆಯಲಿ.

ಈ ಪ್ರಶ್ನೆ ಮುಂದಿನ ಸರ್ವಸದಸ್ಯೆಯರ ಸಭೆಯಲ್ಲಿ ತೀರ್ಮಾನವಾಗುವುದು. ತೀರ್ಮಾನ ನಿಮ್ಮದು, ನಾನು ಅದಕ್ಕೆ ಬದ್ಧಳು. ಆದರೆ ಮತ ಕೊಡುವ ಮುನ್ನ ದಯವಿಟ್ಟು ಶಾಲೆಗೆ ಒಮ್ಮೆ ಬನ್ನಿರಿ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ನಾಡಿನ ಹೆಂಗಸರಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಹಣವನ್ನು ಕೊಡುವ ಕಷ್ಟವೂ ತಪ್ಪಿತು; ಬಾರದಿರಲು ಬೇರೆ ನೆಪವನ್ನು ಹುಡುಕಬೇಕಾಗುವುದು. ಮಳೆ ಬರುವ ಸಂಜೆಯಾದರೆ ಇನ್ನೂ ಒಳ್ಳೆಯದು. ನಿಲಯದ ಮೂರು ಕೋಣೆಗಳನ್ನೂ ಅಲ್ಲಿನ ಹುಡುಗಿಯರನ್ನೂ ನೋಡಿರಿ. ಅವರಲ್ಲಿ ಯಾರ ತಾಯಿ ಎಲ್ಲಿ ಓದಿದ್ದಳೆಂದು ಕೇಳಬೇಡಿರಿ, ನಿನಗೆ ಮುಂದೆ ಏನು ಓದಬೇಕೆಂದಿದೆ ಎಂದು ಕೇಳಿರಿ. ಹಾರ, ಶಾಲು, ಹಣ್ಣಿನ ಬುಟ್ಟಿ ಏನೂ ಬೇಡ. ಒಂದು ಗಂಟೆಯ ಬಿಡುವನ್ನು ಮಾತ್ರ ತನ್ನಿರಿ.

ಇಂತು ನಿಮ್ಮ ಸೋದರಿ,
ಮುಖ್ಯೋಪಾಧ್ಯಾಯಿನಿ